ಲಕ್ಕಮ್ಮ ಕೇಳಿದ ಲೆಕ್ಕ



ಬಸವ ಜಯಂತಿಯ ವೇದಿಕೆಗಳಲ್ಲಿ ಅನುಭವ ಮಂಟಪವನ್ನು ಜಗತ್ತಿನ ಮೊದಲ ಸಂಸತ್ತೆಂದು ಬಣ್ಣಿಸುವುದು ರೂಢಿಯಾಗಿದೆ. ಕೇಳಲು ಹಿತವಾದ ಮಾತು. ಆದರೆ ಎಂ.ಎ. ತರಗತಿಯಲ್ಲಿ ವಚನ ಸಾಹಿತ್ಯ ಓದುತ್ತಿದ್ದಾಗಿನಿಂದಲೂ ಈ ಹೋಲಿಕೆ ನನಗೆ ಅಷ್ಟಾಗಿ ಒಗ್ಗಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಮತದಾನವಿರಲಿಲ್ಲ, ಆಯವ್ಯಯದ ಮಂಡನೆಯಿರಲಿಲ್ಲ, ನಾಡನ್ನಾಳುತ್ತಿದ್ದವನು ಬಿಜ್ಜಳ. ಸಾದೃಶ್ಯವನ್ನು ಹುಡುಕಲೇಬೇಕೆಂದಿದ್ದರೆ ಶರಣರ ನಡುವೆ ಪ್ರಶ್ನೆಗಿದ್ದ ಸ್ಥಾನದಲ್ಲಿ ಹುಡುಕಬೇಕು. ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭುದೇವರ ಪ್ರಶ್ನೆಗೆ ಒಳಗಾಗದ ಶರಣರು ವಿರಳ. ಅಲ್ಲಿ ಪ್ರಶ್ನೆ ಕೇಳುವುದು ಅವಿನಯವಲ್ಲ. ಕೇಳಿಸಿಕೊಳ್ಳುವುದು ಅವಮಾನವೂ ಅಲ್ಲ.

ಆ ಪರಂಪರೆಯಲ್ಲಿ ನನಗೆ ಬಹಳ ಆಪ್ತಳಾದ ತಾಯಿ ಆಯ್ದಕ್ಕಿ ಲಕ್ಕಮ್ಮ. ಪತಿ ಮಾರಯ್ಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದವನು. ಒಂದು ದಿನ ಅವನು ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಅದನ್ನು ಒಳಗೆ ಸೇರಿಸಲಿಲ್ಲ. ಹೆಚ್ಚಾದುದನ್ನು ತಂದಲ್ಲಿಗೇ ಒಯ್ದು ಸುರಿದು ಬರುವಂತೆ ಹೇಳಿದಳು. ಪ್ರವಚನಗಳಲ್ಲಿ ಇದನ್ನು ನಿರ್ಲೋಭಕ್ಕೆ ದೃಷ್ಟಾಂತವಾಗಿ ಹೇಳುತ್ತೇವೆ, ಅದು ಸರಿಯೇ. ಆದರೆ ಅದಕ್ಕಿಂತ ಮೊದಲು ನಡೆದ ಒಂದು ಸಂಗತಿಯನ್ನು ನಾವು ಗಮನಿಸುವುದಿಲ್ಲ. ಲಕ್ಕಮ್ಮನಿಗೆ ನಿತ್ಯದ ಅಳತೆ ಗೊತ್ತಿತ್ತು. ತನ್ನ ಮನೆಗೆ ದಿನವೂ ಎಷ್ಟು ಬರುತ್ತದೆ, ಎಷ್ಟು ಬೇಕು ಎಂಬುದು ತಿಳಿಯದಿದ್ದರೆ ಹೆಚ್ಚು ಬಂದದ್ದು ಆಕೆಯ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಅಳತೆ ತಿಳಿಯದವರ ಮನೆಯಲ್ಲಿ ನೀತಿಗೆ ಕೆಲಸವೇ ಇರುವುದಿಲ್ಲ.

ಗಣರಾಜ್ಯದ ಪ್ರಜೆಗಳಾದ ನಮ್ಮ ಸ್ಥಿತಿಯನ್ನು ಇದರ ಪಕ್ಕದಲ್ಲಿಟ್ಟು ನೋಡೋಣ. ದಿಲ್ಲಿಯಲ್ಲಿ ಯಾರು ಯಾರನ್ನು ಸೋಲಿಸಿದರು ಎಂಬುದನ್ನು ಮಠದ ಪಡಸಾಲೆಯಲ್ಲಿ ಕುಳಿತ ಹಿರಿಯರು ನಿಖರವಾಗಿ ಹೇಳಬಲ್ಲರು. ತಮ್ಮ ಗ್ರಾಮ ಪಂಚಾಯಿತಿಗೆ ಹೋದ ವರ್ಷ ಬಂದ ಹಣವೆಷ್ಟು ಎಂದರೆ ಸುಮ್ಮನಾಗುತ್ತಾರೆ. ಸಂವಿಧಾನದ 73ನೆಯ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂದಿತು. ನಮ್ಮ ರಾಜ್ಯದ ಪಂಚಾಯತ್ ರಾಜ್ ಕಾಯಿದೆಯೂ ಅದೇ ವರ್ಷದ್ದು. ಅದರಂತೆ ಗ್ರಾಮದ ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಗ್ರಾಮಸಭೆಯ ಸದಸ್ಯರು. ಚುನಾಯಿತ ಸದಸ್ಯರ ಅವಧಿ ಐದು ವರ್ಷಕ್ಕೆ ಮುಗಿಯುತ್ತದೆ. ಪಟ್ಟಿಯಲ್ಲಿ ಹೆಸರಿರುವವರೆಗೆ ನಮ್ಮ ಸದಸ್ಯತ್ವ ಮುಗಿಯುವುದಿಲ್ಲ. ಆರು ತಿಂಗಳಿಗೊಮ್ಮೆಯಾದರೂ ಈ ಸಭೆ ಸೇರಬೇಕು. ಬಸವ ವಸತಿ ಯೋಜನೆಯ ಮನೆ ಯಾರಿಗೆ ಸಿಗಬೇಕೆಂಬುದು ಇಲ್ಲಿಯೇ, ಎಲ್ಲರೆದುರಿಗೆ ನಿರ್ಧಾರವಾಗಬೇಕು. ಬಹಳ ಊರುಗಳಲ್ಲಿ ನಡಾವಳಿ ಪುಸ್ತಕ ಮನೆಮನೆಗೆ ಬಂದು ಸಹಿ ಮಾಡಿಸಿಕೊಂಡು ಹೋಗುತ್ತದೆ. ಸಭೆಯೇ ಕಾಲು ಮೂಡಿಸಿಕೊಂಡು ಮನೆಗೆ ಬಂದಂತೆ! ಆ ಸಹಿಯ ಬಲದಿಂದ ಕೋರಂ ತುಂಬುತ್ತದೆ. ಸೋರುವ ಸೂರಿನಡಿ ಮಲಗುವ ವಿಧವೆಯ ಹೆಸರು ಪಟ್ಟಿಯಲ್ಲಿ ಏಕಿಲ್ಲವೆಂದು ಆಮೇಲೆ ಯಾರನ್ನು ಕೇಳುವುದು? ಕೆಳಗೆ ನಮ್ಮದೇ ಸಹಿಯಿರುತ್ತದೆ.

ಕಳೆದ ವರ್ಷ ನನ್ನ ಹುಟ್ಟೂರಿನ ಗ್ರಾಮಸಭೆಗೆ ಹೋಗಿದ್ದೆ. ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಅಧಿಕಾರಿಯೊಬ್ಬರು ಕಾಮಗಾರಿಗಳ ಪಟ್ಟಿಯನ್ನು ಸಹಸ್ರನಾಮ ಓದುವ ವೇಗದಲ್ಲಿ ಓದುತ್ತಿದ್ದರು. ಹೆಣ್ಣುಮಕ್ಕಳ ಸಾಲಿನಿಂದ ಎಪ್ಪತ್ತರ ಹತ್ತಿರದ ಒಬ್ಬ ತಾಯಿ ಎದ್ದು ನಿಂತರು. "ನಮ್ಮ ಓಣಿ ಗಟಾರಕ್ಕ ಎಷ್ಟ ರೊಕ್ಕ ಬಂದಿತ್ತು, ಎಷ್ಟ ಉದ್ದ ಅಂತ ಬರದೀರಿ, ಸಾವಕಾಶ ಓದಿ ಹೇಳ್ರಿ" ಎಂದರು. ಮುಂದಿನ ಕುರ್ಚಿಯಿಂದ ಯಾರೋ, "ಕುಂದರಬೇ ಯಮ್ಮಾ, ಎಲ್ಲಾರೂ ನಮ್ಮವರ ಅದಾರ" ಎಂದು ನಕ್ಕರು.

"ನಮ್ಮವರ ಅಂತನ ಕೇಳಾಕತ್ತೀನಿ."

ಅಳತೆ ಪುಸ್ತಕ ತರಿಸಬೇಕಾಯಿತು. ಆ ತಾಯಿ ಹಿಂದಿನ ದಿನವೇ ಮೊಮ್ಮಗನ ಕೈಗೆ ಟೇಪು ಕೊಟ್ಟು ಗಟಾರ ಅಳೆಸಿ, ಅಂಕಿಯನ್ನು ಚೀಟಿಯಲ್ಲಿ ಬರೆಸಿ ಸೀರೆಯ ಸೆರಗಿಗೆ ಕಟ್ಟಿಕೊಂಡು ಬಂದಿದ್ದರು. ಪುಸ್ತಕದಲ್ಲಿದ್ದ ಉದ್ದಕ್ಕಿಂತ ಓಣಿಯಲ್ಲಿದ್ದ ಉದ್ದ ಮೂರನೆಯ ಒಂದು ಪಾಲಿನಷ್ಟು ಕಡಿಮೆಯಿತ್ತು. ಸಭೆ ಗದ್ದಲವಾಯಿತು, ಮರು ಅಳತೆ ಮಾಡುವುದಾಗಿ ನಡಾವಳಿಯಲ್ಲಿ ಬರೆದರು. ಉಳಿದ ಗಟಾರ ಮಳೆಗಾಲ ಕಳೆದ ಮೇಲೆ ಪೂರ್ಣವಾಯಿತು. ನಡುವೆ ಆ ತಾಯಿಯ ಮನೆಯ ನಳದಲ್ಲಿ ಹದಿನೈದು ದಿನ ನೀರು ಬರಲಿಲ್ಲವೆಂದು ಕೇಳಿದೆ. ಕಾಕತಾಳೀಯವೇ ಇರಬಹುದು.

ನನ್ನನ್ನು ಯೋಚನೆಗೆ ಹಚ್ಚಿದ್ದು ಸಭೆಯ ನಂತರದ ಒಂದು ಮಾತು. ಪರಿಚಿತರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. "ಸರ್ರ, ನೀವು ಮಠದಾಗ ಇರಾವ್ರು. ಆ ಮುದುಕಿಗೆ ಒಂದೀಟು ತಿಳಿಸಿ ಹೇಳ್ರಿ. ಗುತ್ತಿಗಿ ಹಿಡದಾವ್ರು ವರ್ಷಾ ಜಾತ್ರಿ ದಾಸೋಹಕ್ಕ ಅಕ್ಕಿ ಕೊಡೋ ಭಕ್ತರು."

ನಾನು ಹೇಳಲಿಲ್ಲ. ಅಕ್ಕಿಯ ಹೆಸರೆತ್ತಿದ ಮೇಲೆ ಲಕ್ಕಮ್ಮನನ್ನು ಬಿಟ್ಟು ಬೇರೆ ಯಾರ ಮಾತನ್ನು ಹೇಳಲಿ? ದಾಸೋಹದ ಮೊದಲ ನಿಯಮವೇ ಅದು ಸತ್ಯಶುದ್ಧ ಕಾಯಕದಿಂದ ಬಂದಿರಬೇಕೆಂಬುದು. ಓಣಿಯ ಗಟಾರದಲ್ಲಿ ಕಡಿಮೆಯಾದ ಪಾಲು ಜಾತ್ರೆಯ ಪಂಕ್ತಿಯಲ್ಲಿ ಅನ್ನವಾಗಿ ಬಡಿಸಲ್ಪಟ್ಟರೆ ಉಣ್ಣುವ ನಮಗೂ ಅದರಲ್ಲಿ ಭಾಗವಿದೆ. ಆ ಗುತ್ತಿಗೆದಾರರು ತಪ್ಪಿತಸ್ಥರೆಂದು ನಾನು ತೀರ್ಪು ಕೊಡುತ್ತಿಲ್ಲ. ಅಳತೆ ಬರೆದವರು ಬೇರೆ, ಹಣ ಹಂಚಿಕೊಂಡವರು ಬೇರೆ ಇರಬಹುದು. ಭಕ್ತರೆಂಬ ಕಾರಣಕ್ಕೆ ಲೆಕ್ಕ ಕೇಳಬಾರದೆಂಬ ಮಾತನ್ನು ಮಾತ್ರ ನಾನು ಒಪ್ಪಲಾರೆ. ಲಕ್ಕಮ್ಮ ಲೆಕ್ಕ ಕೇಳಿದ್ದು ಪರರನ್ನಲ್ಲ, ಗಂಡನನ್ನು.

ಬಸವಣ್ಣನವರು ಸ್ವತಃ ಬಿಜ್ಜಳನ ಭಂಡಾರಿಯಾಗಿದ್ದವರು. ಭಂಡಾರದ ಹೊನ್ನನ್ನು ಜಂಗಮರಿಗೆ ವ್ಯಯಿಸುತ್ತಿದ್ದಾರೆಂದು ಕೊಂಡೆಯರು ದೂರಿದ ಕಥೆ ಬಸವಪುರಾಣದಲ್ಲಿದೆ. ಭಂಡಾರವನ್ನು ತೆರೆದು ಎಣಿಸಲಾಗಿ ಹೊನ್ನು ಕಡಿಮೆಯಿರಲಿಲ್ಲ. ನಾವು ಈ ಕಥೆಯ ಪವಾಡದ ಭಾಗವನ್ನು ಕೈಮುಗಿದು ಕೇಳುತ್ತೇವೆ. ದೂರು ಬಂದಾಗ ಭಂಡಾರದ ಬಾಗಿಲು ತೆರೆಯಿತು, ಎಲ್ಲರೆದುರಿಗೆ ಎಣಿಕೆಯಾಯಿತು ಎಂಬುದೂ ಅದೇ ಕಥೆಯಲ್ಲಿದೆ. 2024ರಲ್ಲಿ ರಾಜ್ಯ ಸರ್ಕಾರ ಬಸವಣ್ಣನವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕರೆಂದು ಘೋಷಿಸಿ, ಸರ್ಕಾರಿ ಕಚೇರಿಗಳಲ್ಲಿ ಅವರ ಭಾವಚಿತ್ರವಿರಬೇಕೆಂದು ಆದೇಶಿಸಿತು. ನಮಗೆಲ್ಲ ಸಂತೋಷದ ಸಂಗತಿ. ಆ ಭಾವಚಿತ್ರದ ಕೆಳಗಿನ ಕಪಾಟಿನಲ್ಲಿರುವ ಕಡತವನ್ನು ಒಮ್ಮೆಯಾದರೂ ಕೇಳಿ ನೋಡಿದವರು ನಮ್ಮಲ್ಲಿ ಎಷ್ಟು ಮಂದಿ?

ಕೇಳುವ ಹಕ್ಕು ಸುಮ್ಮನೆ ಬಂದದ್ದಲ್ಲ. 1994ರಲ್ಲಿ ರಾಜಸ್ಥಾನದ ಹಳ್ಳಿಗಳಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಜನಸುನವಾಯಿಗಳನ್ನು ಆರಂಭಿಸಿದರು. ಕೂಲಿಯ ಹಾಜರಿ ಪಟ್ಟಿಗಳನ್ನು ಊರವರೆದುರಿಗೆ ಗಟ್ಟಿಯಾಗಿ ಓದಿಸಿದರು. ಓದುಬರಹ ಬಾರದ ಕೂಲಿಕಾರರು ತಮ್ಮ ಹೆಸರಿನಲ್ಲಿ ಯಾರೋ ಹಣ ಪಡೆದುದನ್ನು ಕಿವಿಯಾರೆ ಕೇಳಿದರು. 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ ದಾಖಲೆಗಳ ನಕಲಿಗಾಗಿ ನಲವತ್ತು ದಿನ ಧರಣಿ ಕುಳಿತರು. ಅಂಥ ಹೋರಾಟಗಳ ಫಲವಾಗಿ 2005ರಲ್ಲಿ ಮಾಹಿತಿ ಹಕ್ಕು ಕಾಯಿದೆ ಬಂದಿತು. ಹತ್ತು ರೂಪಾಯಿ ಶುಲ್ಕದೊಂದಿಗೆ ಅರ್ಜಿ ಕೊಟ್ಟರೆ 30 ದಿನಗಳೊಳಗೆ ಉತ್ತರ ಕೊಡಬೇಕು. ಗದ್ದೆಯ ಕೂಲಿಯನ್ನು ಬಿಟ್ಟು ಬಂದು ಕುಳಿತವರ ಬೆವರು ಆ ಹತ್ತು ರೂಪಾಯಿಯ ಹಿಂದಿದೆ.

ಮತ ಹಾಕಿದರೆ ನಮ್ಮ ಹೊಣೆ ತೀರಿತೆಂದು ಭಾವಿಸುವುದು ವರ್ಷಕ್ಕೊಮ್ಮೆ ಜಾತ್ರೆಗೆ ಬಂದು ಇಷ್ಟಲಿಂಗ ಪೂಜೆಯನ್ನು ಮರೆತಂತೆ. ನಿತ್ಯದ ಹೊಣೆ ಚಿಕ್ಕದು, ಹಾಗಾಗಿಯೇ ಬೇಸರದ್ದು: ಕ್ರಿಯಾಯೋಜನೆ ಓದುವುದು, ನಮ್ಮ ಓಣಿಯ ಕಾಮಗಾರಿಯ ಅಂದಾಜನ್ನು ಗುರುತು ಹಾಕಿಕೊಳ್ಳುವುದು, ಮನೆ ಕಂದಾಯ ಕಟ್ಟಿ ರಶೀದಿ ಪಡೆಯುವುದು. ಕಂದಾಯ ಕಟ್ಟದೆ ಲೆಕ್ಕ ಕೇಳಲು ಎದ್ದವರ ಧ್ವನಿ ಅರ್ಧಕ್ಕೇ ಸೊರಗುವುದನ್ನು ನಾನು ಕಂಡಿದ್ದೇನೆ. ಕೇಳುವಾಗಲೂ ಮಾತು ಮೃದುವಾಗಿರಲಿ. ಅಂಕಿ ಮಾತ್ರ ಗಟ್ಟಿಯಾಗಿರಲಿ.

ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ನಡುವೆ ಗ್ರಾಮ ಪಂಚಾಯಿತಿಗಳಲ್ಲಿ ಜಮಾಬಂದಿ ನಡೆಯುತ್ತದೆ. ಹಿಂದಿನ ವರ್ಷದ ಜಮೆ ಖರ್ಚುಗಳನ್ನು ಸಾರ್ವಜನಿಕರೆದುರಿಗೆ ಇಟ್ಟು, ಕಾಮಗಾರಿಗಳನ್ನು ಸ್ಥಳದಲ್ಲಿಯೇ ಪರಿಶೀಲಿಸುವ ದಿನ ಅದು. ಬಹುತೇಕ ಶ್ರಾವಣ ಭಾದ್ರಪದಗಳ ಕಾಲ. ಮಠದಲ್ಲಿ ಪ್ರವಚನವೂ ಇರುತ್ತದೆ. ತಮ್ಮೂರಿನ ಜಮಾಬಂದಿಯ ದಿನ ಪ್ರವಚನಕ್ಕೆ ಬರಲಾಗದಿದ್ದರೆ ಚಿಂತೆಯಿಲ್ಲ, ಅಲ್ಲಿಗೆ ಹೋಗಿ ಬನ್ನಿ. ಮನೆಯ ತಾಯಂದಿರನ್ನು ಮರೆಯದೆ ಕರೆದೊಯ್ಯಿರಿ. ಅಳತೆ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.