ಪಿಂಡಿಪಾಪನಹಳ್ಳಿಯ ತಮಟೆ

ಸಾವಿನ ಮೆರವಣಿಗೆ, ಗ್ರಾಮದೇವತೆಯ ಜಾತ್ರೆ, ಊರಲ್ಲಿ ಸಾರುವ ಕೆಲಸ. ನಮ್ಮ ಕಡೆ ಬಹಳ ಕಾಲ ತಮಟೆಗೆ ಇದ್ದ ಜಾಗ ಇಷ್ಟೇ. ಬಾರಿಸುವವರ ಜಾಗ ಊರಾಚೆ. ಆ ವಾದ್ಯವನ್ನೇ ಜೀವಮಾನವಿಡೀ ಹಿಡಿದು, ಹುಡುಗರಿಗೂ ಕಲಿಸಿದವರು ಶಿಡ್ಲಘಟ್ಟ ತಾಲ್ಲೂಕು ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪ. 2023ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ತಮಟೆ ಸುಮ್ಮನೆ ಎತ್ತಿಕೊಂಡು ಬಡಿಯುವಂಥದ್ದಲ್ಲ. ಮೊದಲು ಬೆಂಕಿ ಹಾಕಿ ಚರ್ಮ ಕಾಯಿಸಬೇಕು. ಬಿಗಿಯಾಯಿತೇ ಎಂದು ತಟ್ಟಿ ನೋಡಬೇಕು. ಆಮೇಲೆ ಒಂದು ಕೈಗೆ ದಪ್ಪ ಕೋಲು, ಇನ್ನೊಂದಕ್ಕೆ ತೆಳ್ಳನೆ ಕಡ್ಡಿ. ತಂಡ ಹೆಜ್ಜೆ ಹಾಕುತ್ತಾ ಒಂದೇ ಏಟಿಗೆ ಗತ್ತು ಬದಲಿಸಿದರೆ ಎದೆ ನಡುಗುತ್ತದೆ. ಇದು ದೊಡ್ಡ ವಿದ್ಯೆ.

ಚಿಂತಾಮಣಿ, ಗೌರಿಬಿದನೂರು ಕಡೆಯವರೇ, ಈ ಸಲದ ಜಾತ್ರೆಗೆ ಡಿಜೆ ಬಿಟ್ಟು ತಮಟೆ ತಂಡ ಕರೆಸಿ. ಸಂಭಾವನೆಯಲ್ಲಿ ಚೌಕಾಸಿ ಬೇಡ.