ಎರಕದಲ್ಲಿಯೇ ಹುಟ್ಟುವ ನಾರು

ಅಥಣಿ ಸೀಮೆಯ ಹಳೆಯ ಮಣ್ಣಿನ ಗೋಡೆಯೊಂದು ಕುಸಿದರೆ ಅದರೊಳಗೆ ಹೊಟ್ಟಿನ, ಹುಲ್ಲಿನ ಎಳೆಗಳು ಕಾಣಸಿಗುತ್ತವೆ. ಬರಿಯ ಮಣ್ಣು ಒಣಗಿ ಬಿರಿಯುವುದು. ಎಳೆ ಬೆರೆತಲ್ಲಿ ಬಿರುಕು ಮುಂದುವರಿಯಲಾರದು. ನೈಲಾನ್, ಪಾಲಿಕಾರ್ಬೊನೇಟ್ ಮುಂತಾದ ಪ್ಲಾಸ್ಟಿಕ್ಕುಗಳಿಗೆ ಗಾಜಿನ ನಾರನ್ನು ಬೆರೆಸುವುದೂ ಇದೇ ನ್ಯಾಯದಿಂದ. ಆದರೆ ಗಾಜು ಕೂಡಿದ ಪಾಕವು ಸರಾಗವಾಗಿ ಹರಿಯಲೊಲ್ಲದು. ಯಂತ್ರದ ಒಳಮೈಯನ್ನೂ ಸವೆಸುವುದು. ಹೊರಗಿನಿಂದ ನಾರನ್ನು ತಂದು ಕಲಸುವ ಬದಲು, ಎರಕದ ಹರಿವಿನಲ್ಲಿಯೇ ಅದು ಹುಟ್ಟುವಂತಾದರೆ? ದ್ರವಸ್ಫಟಿಕ ಪಾಲಿಮರುಗಳ ಮಿಶ್ರಣವು ಸಾಧಿಸಹೊರಟದ್ದು ಇದನ್ನೇ.

ದ್ರವದಂತೆ ಹರಿದರೂ ಸ್ಫಟಿಕದಂತೆ ಅಣುಗಳ ಕ್ರಮವನ್ನು ಉಳಿಸಿಕೊಳ್ಳುವ ವಸ್ತುವೇ ದ್ರವಸ್ಫಟಿಕ. 1888ರಲ್ಲಿ ಆಸ್ಟ್ರಿಯದ ಸಸ್ಯವಿಜ್ಞಾನಿ ರೈನಿಟ್ಸರ್ ಇದನ್ನು ಮೊದಲು ಗುರುತಿಸಿದನು. 1977ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆಯ ಎಸ್. ಚಂದ್ರಶೇಖರ್, ಬಿ. ಕೆ. ಸದಾಶಿವ, ಕೆ. ಎ. ಸುರೇಶ್ ಅವರು ಬಿಲ್ಲೆಯಾಕಾರದ ಅಣುಗಳಲ್ಲಿಯೂ ಈ ಸ್ಥಿತಿಯುಂಟೆಂದು ತೋರಿಸಿದುದು ಕನ್ನಡನಾಡಿಗೆ ಹೆಮ್ಮೆಯ ಸಂಗತಿ. ಎರಕಕ್ಕೆ ಬಳಸುವ ಪಾಲಿಮರಿನಲ್ಲಾದರೋ ಅಣುಗಳು ಬಿಗುವಾದ ಕೋಲುಗಳಂತಿರುತ್ತವೆ.

ಇದನ್ನು ಸಾಮಾನ್ಯ ಪ್ಲಾಸ್ಟಿಕ್ಕಿನೊಡನೆ ಅಲ್ಪ ಪ್ರಮಾಣದಲ್ಲಿ ಕರಗಿಸಿ ಕಿರುದ್ವಾರದಿಂದ ಎಳೆದಾಗ ಅದರ ಹನಿಗಳು ನೀಳವಾಗಿ ಜಗ್ಗಿ ಎಳೆಗಳಾಗುತ್ತವೆ; ಪಾಕವು ಆರಿದೊಡನೆ ಹಾಗೆಯೇ ನಿಲ್ಲುತ್ತವೆ. ಗಾಜು ಪಾಕವನ್ನು ತಡೆದರೆ, ಇದು ಅನೇಕ ವೇಳೆ ಹರಿವನ್ನು ಸುಗಮಗೊಳಿಸುವುದು!

ಆದರೆ ಎರಡು ವಸ್ತುಗಳಿಗೂ ಸಹಜ ಮೈತ್ರಿಯಿಲ್ಲ. ಎಳೆಯ ಮೈ ಸುತ್ತಣ ಪ್ಲಾಸ್ಟಿಕ್ಕನ್ನು ಗಟ್ಟಿಯಾಗಿ ಹಿಡಿಯದೆ, ಭಾರ ಬಿದ್ದಾಗ ಜಾರಿಬಿಡುವುದು. ವ್ಯಾಕರಣ ಬಲ್ಲವರಿಗೆ ಇಲ್ಲಿ ಅರಿಸಮಾಸವು ನೆನಪಾಗದಿರದು. ಕನ್ನಡ ಪದಕ್ಕೆ ಸಂಸ್ಕೃತ ಪದವನ್ನು ನೇರವಾಗಿ ಬೆಸೆಯುವುದನ್ನು ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ದೋಷವೆಂದಿದ್ದಾನೆ. ಬಿರುದಾವಳಿಗಳಲ್ಲಿಯೂ ಪೂರ್ವಕವಿಗಳ ಪ್ರಯೋಗದಲ್ಲಿಯೂ ಮಾತ್ರ ವಿನಾಯಿತಿ. ‘ಕಲ್ಲುಶರ್ಕರೆ’ ಕಿವಿಗೆ ಒಗ್ಗದು. ಶರ್ಕರೆಯು ಸಕ್ಕರೆಯಾಗಿ ತದ್ಭವವಾದ ಮೇಲೆ ‘ಕಲ್ಲುಸಕ್ಕರೆ’ ಕಬ್ಬಿನ ಈ ನಾಡಿನ ಎಳೆಮಕ್ಕಳ ಬಾಯಲ್ಲಿಯೂ ಸಲೀಸು. ರಸಾಯನಜ್ಞರೂ ಎರಡು ಕಡೆಗೂ ಒಗ್ಗುವ ಮೂರನೆಯ ವಸ್ತುವನ್ನು ಸೇರಿಸಿ ಬೆಸುಗೆಯನ್ನು ಬಲಪಡಿಸುತ್ತಾರೆ. ಅದು ಮಿತಿಮೀರಿದರೆ ಹನಿಗಳು ಅತಿಸೂಕ್ಷ್ಮವಾಗಿ ಒಡೆದು, ಜಗ್ಗದೆ, ಎಳೆಯೇ ಹುಟ್ಟದೆ ಹೋಗಬಹುದು. ಹೊಂದಿಕೆ ಬೇಕು, ಲಯವಾಗಬಾರದು. ಕಷ್ಟವಿರುವುದು ಈ ಸಂಧಿಯಲ್ಲಿಯೇ.

ಇನ್ನೂ ಒಂದು ತೊಡಕುಂಟು. ಹರಿವಿನ ಉದ್ದಕ್ಕೆ ಬಂದ ಬಲವು ಅದರ ಅಡ್ಡಕ್ಕೆ ಬಾರದು. ದಪ್ಪ ಎರಕದಲ್ಲಿ ಹೊರಪದರಕ್ಕೆ ಎಳೆಗಳು ದೊರೆತರೂ ನಡುವೆ ಹನಿಗಳು ಹನಿಗಳಾಗಿಯೇ ಉಳಿಯುತ್ತವೆ. ಪಾಲಿಮರಿನ ಬೆಲೆಯೂ ಕಡಿಮೆಯದಲ್ಲ. ಆದುದರಿಂದ ಈ ಮಿಶ್ರಣವು ಗಾಜಿನ ನಾರನ್ನು ಇನ್ನೂ ಹಿಂದೆ ಹಾಕಿಲ್ಲ; ದಾರ, ತೆಳುಹಾಳೆ, ತೆಳುಗೋಡೆಯ ಭಾಗಗಳಲ್ಲಿ ಅದರ ಗುಣ ಹೆಚ್ಚು ಪ್ರಕಟವಾಗುವುದು.