ಕೋಟೆ ಹತ್ತುವ ಕಾಲಿಗೊಂದು ಜೋಡು

ಹುಮನಾಬಾದಿನ ಒಂದು ಪ್ರೌಢಶಾಲೆ. ಚಳಿಗಾಲದ ಒಂದು ಭಾನುವಾರ ಒಂಬತ್ತನೆಯ ತರಗತಿಯ ಮಕ್ಕಳನ್ನು ಬಸವಕಲ್ಯಾಣದ ಕೋಟೆಗೂ, ಅಲ್ಲಿಂದ ನಡೆದೇ ನಾರಾಯಣಪುರದ ಶಿವಾಲಯಕ್ಕೂ ಕರೆದೊಯ್ಯುವುದೆಂದು ನಿಶ್ಚಯವಾಯಿತು. 11ನೇ ಶತಮಾನದಲ್ಲಿ ಚಾಲುಕ್ಯರ ಮೊದಲನೆಯ ಸೋಮೇಶ್ವರ ರಾಜಧಾನಿ ಮಾಡಿಕೊಂಡ ಊರು ಅದು. ಎಲ್ಲರೂ ಹೆಸರು ಕೊಟ್ಟರು. ಹಿಂದಿನ ಬೆಂಚಿನ ಹುಡುಗನೊಬ್ಬ ಮಾತ್ರ ಕೊಡಲಿಲ್ಲ. ಅವನ ಗೆಳೆಯ ಈ ಚಾರಣಕ್ಕೆಂದೇ ಸಾವಿರಾರು ರೂಪಾಯಿಯ ಶೂ ಕೊಂಡಿದ್ದ. ಇವನ ತಂದೆ ಅಡತಿ ಅಂಗಡಿಯಲ್ಲಿ ಹಮಾಲಿ.

“ಯಾಕೋ ತಮ್ಮಾ, ನೀ ಹೋಗಂಗಿಲ್ಲೇನು?”

“ಒಲ್ಲೆಪ್ಪ, ಹೊಟ್ಟಿ ನೋಯ್ಲಕತ್ತದ.”

ತಂದೆಯ ಕಣ್ಣು ಹೊಸ್ತಿಲ ಬಳಿಯಿದ್ದ ಸವೆದ ಹವಾಯಿ ಚಪ್ಪಲಿಯ ಮೇಲೆ ಬಿತ್ತು. ಹೊಟ್ಟೆನೋವಿನ ಮೂಲ ತಿಳಿಯಿತು. ಮರುದಿನ ಸಂಜೆ ಕೆಲಸ ಮುಗಿಸಿ ಮಗನನ್ನು ಬಜಾರಿಗೆ ಕರೆದುಕೊಂಡು ಹೋದ.

ಸಂಜೆಯಾದದ್ದು ಒಳ್ಳೆಯದೇ ಆಯಿತು. ದಿನವೆಲ್ಲ ಓಡಾಡಿದ ಪಾದ ಸಂಜೆಗೆ ಸ್ವಲ್ಪ ಊದಿರುತ್ತದೆ; ಆಗ ಸರಿಹೊಂದುವ ಶೂ ನಡಿಗೆಯಲ್ಲಿ ಬಿಗಿಯಾಗದು. ಅಂಗಡಿಯವರು ಕಾಲುಚೀಲ ಹಾಕಿಸಿಯೇ ಕ್ಯಾನ್ವಾಸ್ ಶೂ ತೊಡಿಸಿದರು. ಹೆಬ್ಬೆರಳಿನ ಮುಂದೆ ಅರ್ಧ ಅಂಗುಲದಷ್ಟು ಜಾಗವಿರಬೇಕು, ಹಿಮ್ಮಡಿ ಮೇಲೇಳಬಾರದು, ಶೂ ಬೆರಳುಗಳ ಬುಡದಲ್ಲಿ ಬಾಗಬೇಕೇ ಹೊರತು ನಡುವೆ ಅಲ್ಲ. ಅಟ್ಟೆ ಗೀರುಗಳಿರುವ ಮೆತ್ತನೆಯ ರಬ್ಬರಿನದಾಗಿರಲಿ. ಸವೆದು ನುಣುಪಾದ ಕೋಟೆಯ ಕಲ್ಲುಗಳ ಮೇಲೆ ಗಟ್ಟಿ ಪ್ಲಾಸ್ಟಿಕ್ ಅಟ್ಟೆ ಜಾರುತ್ತದೆ. ಹವಾಯಿ ಚಪ್ಪಲಿಯನ್ನು ಜಾಲಿ ಮುಳ್ಳು ಸಲೀಸಾಗಿ ತೂರಿ ಬರುತ್ತದೆ. ಒಂದು ದಿನದ ನಡಿಗೆಗೆ ಕೆಲವು ನೂರು ರೂಪಾಯಿಯ ಶೂ ಸಾಕು.

ಹುಡುಗ ಅದನ್ನು ಭಾನುವಾರದವರೆಗೆ ಡಬ್ಬಿಯಲ್ಲೇ ಇಡುವವನಿದ್ದ. ತಂದೆ ಬಿಡಲಿಲ್ಲ. ದಿನವೂ ಅದನ್ನೇ ಹಾಕಿಸಿ ಶಾಲೆಗೆ, ಕಿರಾಣಿ ಅಂಗಡಿಗೆ ಕಳಿಸಿದ. ಹೊಸ ಶೂ ಪಾದಕ್ಕೆ ಒಗ್ಗದಿದ್ದರೆ ಚರ್ಮಕ್ಕೆ ಉಜ್ಜಿ ಬೊಬ್ಬೆ ಏಳುತ್ತದೆ. ಬೆವರಿ ಒದ್ದೆಯಾದ ಚರ್ಮಕ್ಕೆ ಘರ್ಷಣೆ ಇನ್ನೂ ಹೆಚ್ಚು. ಆದ್ದರಿಂದ ಇನ್ನೊಂದು ಜೊತೆ ಒಣ ಕಾಲುಚೀಲ ಬೇಕು.

ಬೇರೆ ಚೀಲ ಕೊಳ್ಳಲಿಲ್ಲ. ಶಾಲೆಯ ಚೀಲದಿಂದ ಪುಸ್ತಕ ತೆಗೆದು ಒಂದೊಂದು ಲೀಟರಿನ 2 ಬಾಟಲಿ ನೀರು ಇಟ್ಟ. ಅದೇ 2 ಕಿಲೋ ಭಾರವಾದ್ದರಿಂದ ಉಳಿದದ್ದೆಲ್ಲ ಹಗುರ: ಜೋಳದ ರೊಟ್ಟಿ, ಶೇಂಗಾ ಹಿಂಡಿ, ಬೆಲ್ಲದ ತುಂಡು, ತಲೆಗೊಂದು ಟವೆಲ್, ಗಾಯಕ್ಕೆ ಹಚ್ಚುವ ಪಟ್ಟಿ.

ಕೋಟೆ ಇಳಿಯುವಷ್ಟರಲ್ಲಿ ಕುಂಟತೊಡಗಿದವನು ಆ ಗೆಳೆಯನೇ. ಹೊಸ ಶೂವನ್ನು ಅವನು ಅಂದೇ ಮೊದಲು ತೊಟ್ಟಿದ್ದ. ಹುಡುಗ ತನ್ನ ಪಟ್ಟಿ, ಒಣ ಕಾಲುಚೀಲ ಕೊಟ್ಟ. ನಾರಾಯಣಪುರದ ಗುಡಿಯ ಮುಂದೆ ಎಲ್ಲರೂ ಶೂ ಬಿಚ್ಚಿಟ್ಟರು. ಎಲ್ಲದರ ಮೇಲೂ ಒಂದೇ ಧೂಳು.

ರಾತ್ರಿ ಮನೆಗೆ ಬಂದಾಗ ತಂದೆ ಕೇಳಿದ್ದು ಒಂದೇ: “ಹೊಟ್ಟಿ ನೋವು ಹೋಯ್ತೇನೋ?” ಹುಡುಗ ನಕ್ಕ.

ಶಾಲೆಯ ಹೊರಸಂಚಾರಕ್ಕೆ ಮಗು ಒಲ್ಲೆನೆಂದರೆ, ಗದರಿಸುವ ಮೊದಲು ಪಾಲಕರು ಹೊಸ್ತಿಲ ಬಳಿಯ ಚಪ್ಪಲಿಯನ್ನೊಮ್ಮೆ ನೋಡುವುದು ಒಳ್ಳೆಯದು.